ಸ್ವರ್ಗದಿಂದ ನಾಯಿ ಕಳಿಸಿದ ವಾಯ್ಸ್ ನೋಟುಗಳು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಘಾಟ್ಕೋಪರಿನ ನನ್ನ ದೊಡ್ಡಮ್ಮನಿಗೆ ಸತ್ತ ನಾಯಿಯ ಸ್ವರದಲ್ಲಿ ಒಂಬತ್ತು ವಾಯ್ಸ್ ನೋಟ್ ಕಳಿಸಿದವನು ನಾನು. ಅದೂ ದಹಿಸರಿನ ಮನೆಯಲ್ಲಿ ಮಂಚದ ಮೇಲೆ ಅಂಗಾತ ಬಿದ್ದುಕೊಂಡು.

ಮಿಮಿಕ್ರಿ ನನ್ನ ಚಟ. ದಾದರ್ ಸ್ಟೇಷನ್ನಿನ ಅನೌನ್ಸ್‌ಮೆಂಟು, ಬಿಲ್ಡಿಂಗ್ ಸೆಕ್ರೆಟರಿಯ ಕೆಮ್ಮು, ಬೇಡ ಬೇಡವೆನ್ನುತ್ತಲೇ ತಟ್ಟೆ ಮುಂದೆ ಸರಿಸುವ ಮಾವ, ಯಾರನ್ನೂ ಬಿಟ್ಟವನಲ್ಲ. ನನ್ನದೇ ಸ್ವರ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ನಾಯಿ ದೊಡ್ಡಮ್ಮನದೆಂದು ಹೇಳುವಂತಿಲ್ಲ, ಬಿಲ್ಡಿಂಗಿನದು. ಮೆಟ್ಟಿಲ ಕೆಳಗೆ, ಲೈಟ್ ಮೀಟರುಗಳ ಪಕ್ಕ ಅದರ ಬಿಡಾರ. ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಆಯುಷ್ಯ ಕಳೆದ ದೊಡ್ಡಪ್ಪ ತೀರಿಕೊಂಡ ವರ್ಷ, ಅದು ತಾನಾಗಿ ಎರಡು ಮಹಡಿ ಹತ್ತಿ ಬಂದು ದೊಡ್ಡಮ್ಮನ ಬಾಗಿಲಲ್ಲಿ ಕೂತಿತು. ಆಮೇಲೆ ಹನ್ನೊಂದು ವರ್ಷ ದಿನಾ ಸಂಜೆ ಅದೇ ಕೆಲಸ. ದೊಡ್ಡಮ್ಮ ಅದಕ್ಕೆ ಬಂಗುಡೆ ಮೀನಿನ ತಲೆ ಹಾಕುತ್ತಿದ್ದರು, ಜೊತೆಗೆ ಆ ದಿನದ ದೂರುಗಳನ್ನೂ. ಪಟಾಕಿ ಸದ್ದಾದರೆ ಮಾತ್ರ ಅದು ಮಂಚದಡಿ ಸೇರುತ್ತಿತ್ತು.

ಈ ಮಳೆಗಾಲದಲ್ಲಿ ಅದು ಕಾಯಿಲೆ ಬಿತ್ತು. ಒಂದು ಮಧ್ಯಾಹ್ನ ದೊಡ್ಡಮ್ಮ ದಾದರಿಗೆ ಹೋದರು. ಹಳಿಯ ಮೇಲೆ ನೀರು ನಿಂತು ಲೋಕಲ್ ರೈಲು ಕದಲಲಿಲ್ಲ. ಅವರು ಮನೆ ಮುಟ್ಟುವಷ್ಟರಲ್ಲಿ ಮೆಟ್ಟಿಲ ಕೆಳಗೆ ಎಲ್ಲ ಮುಗಿದಿತ್ತು.

ಫೋನಿನಲ್ಲಿ ಅವರ ಅಳು ಕೇಳಿಸಿತು. ಹೋಗಿ ಬರಬಹುದಿತ್ತು. ದಾದರಿನಲ್ಲಿ ಗಾಡಿ ಬದಲಿಸುವ ನೂಕುನುಗ್ಗಲು ನೆನೆದು ಸುಮ್ಮನಾದೆ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮರುದಿನ ಮೂಗು ಹಿಡಿದು, ನಡುನಡುವೆ ಏದುಸಿರು ಬಿಟ್ಟು ಮೊದಲನೆಯದನ್ನು ಕಳಿಸಿದೆ: “ಅಮ್ಮಾ, ನಾನು ಮುಟ್ಟಿದೆ. ಇಲ್ಲಿ ವಾಚ್‌ಮನ್ ಕೈಯಲ್ಲಿ ಕೋಲಿಲ್ಲ. ಲೋಕಲಿನಲ್ಲಿ ನಾಯಿಗಳಿಗೆ ಕಿಟಕಿ ಸೀಟು.”

ಉತ್ತರ ಬಂತು: “ಅಲ್ಲಿ ಪಟಾಕಿ ಉಂಟಾ ಕೇಳು.”

ಇಲ್ಲವೇ ಇಲ್ಲ ಎಂದೆ. ಹೀಗೆ ಧಾರಾವಾಹಿ ಶುರುವಾಯಿತು. ಪರಲೋಕಕ್ಕೆ ದಿನಕ್ಕೊಂದು ಗಲ್ಲಿ ಕಟ್ಟಿದೆ: ಒಂದರಲ್ಲಿ ಮೀನು ಮಾರ್ಕೆಟ್ಟು, ಒಂದರಲ್ಲಿ ಮೈ ನೆನೆಸದ ಮಳೆ. ಉತ್ಸಾಹ ಹೆಚ್ಚಾಗಿ, ದೊಡ್ಡಪ್ಪ ತನ್ನನ್ನು ದಿನಾ ಬೆಳಿಗ್ಗೆ ವಾಕಿಂಗಿಗೆ ಕರೆದೊಯ್ಯುತ್ತಾರೆಂದೂ ನಾಯಿಯಿಂದ ಹೇಳಿಸಿದೆ.

“ಸುಳ್ಳು! ಬದುಕಿರುವಾಗ ಒಂದು ಹಾಲಿನ ಪ್ಯಾಕೆಟ್ ತರ್ಲಿಕ್ಕೆ ಕೆಳಗೆ ಇಳಿದ ಜನ ಅಲ್ಲ ಅವರು,” ಎಂದರು ದೊಡ್ಡಮ್ಮ. ಆದರೆ ಕೊನೆಯಲ್ಲಿ ನಗು ಕೇಳಿಸಿತು. ಗೆದ್ದೆ ಎಂದುಕೊಂಡೆ.

ಎಂಟನೆಯದರ ಮೇಲೆ ಅವರಿಂದ ಬಂದದ್ದು ಬೇರೆ. “ನಾನು ಬರುವಾಗ ತಡ ಆಯ್ತಲ್ಲ, ಅದಕ್ಕೆ ಬೇಸರ ಉಂಟಾ? ಕೇಳಿ ಹೇಳು.” ಆ ಸ್ವರದಲ್ಲಿ ತಮಾಷೆ ಇರಲಿಲ್ಲ.

ಎರಡು ದಿನ ಉತ್ತರ ಕೊಡಲಿಲ್ಲ. ಸ್ವರ್ಗದಲ್ಲಿ ಪಟಾಕಿ ಇಲ್ಲವೆನ್ನಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೇಸರವಿಲ್ಲ ಎನ್ನಲು ನಾನು ಯಾರು? ಅದನ್ನು ಹೇಳಬೇಕಾದದ್ದು ಮೀಟರುಗಳ ಪಕ್ಕ ಒಂಟಿಯಾಗಿ ಮಲಗಿದ್ದ ಜೀವ. ಹಾಗೆಂದು ಅವರನ್ನು ಕಾಯಿಸುವುದೂ ಆಗಲಿಲ್ಲ. ಒಂಬತ್ತನೆಯದನ್ನು ಕಳಿಸಿದೆ: “ನಿದ್ದೆ ಬಂದಿತ್ತಮ್ಮಾ. ನೀವು ಇರಲಿಲ್ಲ ಅಂತ ಗೊತ್ತೇ ಆಗಲಿಲ್ಲ.”

ಕೇಳಿದರೆಂಬ ನೀಲಿ ಗುರುತು ಬಿತ್ತು. ಅಷ್ಟೇ. ಸಮಾಧಾನವಾಯಿತೋ, ಇನ್ನಷ್ಟು ನೋಯಿಸಿದೆನೋ?

ಆಷಾಢದ ಹೊತ್ತಿಗೆ ಬರುವ ನಮ್ಮ ಆಟಿ ತಿಂಗಳು; ತೀರಿಕೊಂಡವರಿಗೆ ಎಲೆ ಹಾಕಿ ಬಡಿಸುವ ದಿನ ಘಾಟ್ಕೋಪರಿಗೆ ಹೋಗಲೇಬೇಕಾಯಿತು. ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ, ಅವರು ಉಣ್ಣುವಷ್ಟು ಹೊತ್ತು ನಾವು ಹೊರಗಿರಬೇಕು. ಒಂದೇ ಕೋಣೆ ಮತ್ತು ಅಡುಗೆಮನೆಯ ಆ ಮನೆಯಲ್ಲಿ ಹೊರಗೆಂದರೆ ಪ್ಯಾಸೇಜೇ. ಬಾಗಿಲು ಎಳೆಯುವ ಮುನ್ನ ಕಂಡೆ: ದೊಡ್ಡಪ್ಪನ ಎಲೆಯಲ್ಲಿ ಕೋಳಿ ಸಾರು, ರೊಟ್ಟಿ. ಹೊಸ್ತಿಲ ಒಳಬದಿಯಲ್ಲಿ ಬಾಳೆಲೆಯ ಒಂದು ತುಂಡು, ಅದರ ಮೇಲೆ ಬಂಗುಡೆಯ ತಲೆ.

ಒಳಗೆ ಅದಕ್ಕೆ ಊಟ ಬಡಿಸಿಟ್ಟು, ಹೊರಗೆ ಅದರ ಸ್ವರವನ್ನು ಗಂಟಲಲ್ಲಿಟ್ಟುಕೊಂಡು ನಿಲ್ಲುವುದು ನನ್ನಿಂದಾಗಲಿಲ್ಲ.

“ದೊಡ್ಡಮ್ಮ, ಆ ಕೊನೆಯದ್ದು, ನಿದ್ದೆ ಬಂದಿತ್ತು ಅಂದದ್ದು, ನಾನೇ ಕಟ್ಟಿದ್ದು. ನಿಜ ಎಂತದು ನಂಗೆ ಗೊತ್ತಿಲ್ಲ.”

“ಹೌದಾ? ಉಳಿದ ಎಂಟು ನಾಯಿಯೇ ಕಳಿಸಿದ್ದಾ?”

ಅಭ್ಯಾಸಬಲದಿಂದ ಮೂಗು ಹಿಡಿದು “ಸಾರಿ ಅಮ್ಮಾ” ಎಂದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿದ್ದ ಚಪ್ಪಲಿಗಳನ್ನು ಅತ್ತ ಸರಿಸಿ ಜಾಗ ಮಾಡಿದರು.

“ಆ ನಾಯಿ ಹನ್ನೊಂದು ವರ್ಷದಲ್ಲಿ ಒಂದು ಮಾತು ಆಡ್ಲಿಲ್ಲ ಮಾರಾಯಾ, ದಿನಾ ಬಂದು ಕೂತುಕೊಳ್ತಿತ್ತು. ನೀನು ಒಂಬತ್ತು ಸಲ ಮಾತಾಡಿದಿ, ಬಂದದ್ದು ಇವತ್ತು.”