ಮಿಲ್ಲಿನ ಸೈಟಿಗೆ ಬಂದ ಬಾವುಟ

ಗಡಿಯಲ್ಲಿ ಗುಂಡಿನ ಸದ್ದು ಶುರುವಾಗಿದ್ದ ವಾರ ಅದು. ರಾಯಚೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಕೆಲಸಕ್ಕೆ ಕೂತಿದ್ದೆ. ಮಾನ್ವಿಯಿಂದ ಅಕ್ಕಿ ಮಿಲ್ಲಿನ ಸಾವುಕಾರರ ಫೋನು ಬಂತು.

"ಯವ್ವಾ, ನಮ್ಮ ವೆಬ್‌ಸೈಟಿನ್ಯಾಗ ವೈರಿ ದೇಶದ ಝಂಡಾ ಬಂದದ. ಮಂದಿ ಗೇಟಿಗೆ ಕೂಡಾಕತ್ತ್ಯಾರ. ಲಗೂನ ಬಾ."

ತೆರೆದು ನೋಡಿದೆ. ಅಕ್ಕಿ ರಾಶಿಯ ಚಿತ್ರವಿದ್ದ ಜಾಗದಲ್ಲಿ ಆಚೆ ದೇಶದ ಬಾವುಟ, ಕೆಳಗೆ ನಮ್ಮ ದೇಶವನ್ನು ಬೈದ ಎರಡು ಸಾಲು. ಯಾರೋ ಒಳಗೆ ನುಗ್ಗಿದ್ದರು.

ಆ ಸೈಟು ಮೊದಲು ಕಟ್ಟಿದವಳು ನಾನೇ. ವರ್ಷವರ್ಷ ನೋಡಿಕೊಳ್ಳಲು ಒಂದಿಷ್ಟು ಕೊಡಬೇಕು ಅಂದಾಗ ಸಾವುಕಾರರು ನಕ್ಕಿದ್ದರು. "ಮಷೀನಿಗೆ ಎಣ್ಣಿ ಬಿಡಬೇಕು, ಖರೆ. ಇದಕ್ಕೇನು ತುಕ್ಕು ಹಿಡಿತದ? ಹೈದರಾಬಾದಿನ್ಯಾಗ ನಮ್ಮ ಅಳಿಯ ಕಂಪ್ಯೂಟರ್ ಮುಂದನ ಕೂಡತಾನ. ಅವ ಪುಕ್ಕಟ ನೋಡ್ತಾನ." ಪಾಸ್‌ವರ್ಡ್ ಇಸಿದುಕೊಂಡು ಅಳಿಯನಿಗೆ ಕೊಟ್ಟರು. ನನ್ನವ್ವ ದೇವದುರ್ಗದ ಕಡೆ, ಅರಕೇರಾದಲ್ಲಿ ಕೂಲಿ ಮಾಡಿ ನನ್ನನ್ನು ಓದಿಸಿದಳು. ಅವಳು ಕಳೆ ತೆಗೆದ ಸಾಲು ಕಣ್ಣಿಗೆ ಕಾಣುತ್ತಿತ್ತು. ಅದಕ್ಕೂ ಸರಿಯಾದ ಕೂಲಿ ಸಿಗಲಿಲ್ಲ ಅನ್ನುವುದು ಬೇರೆ ಮಾತು. ನನ್ನ ಕೆಲಸವಂತೂ ಕೆಟ್ಟಾಗ ಮಾತ್ರ ಕಾಣುತ್ತದೆ.

ಮಾನ್ವಿಯ ಬಸ್ಸಿನಲ್ಲಿ ಎಲ್ಲರ ಮೊಬೈಲಿನಲ್ಲೂ ಯುದ್ಧದ ಸುದ್ದಿ. ಹಿಂದಿನ ಸೀಟಿನಲ್ಲಿ ಇಬ್ಬರು, ಯಾವ ಯಾವ ದೇಶ ನಮ್ಮ ಬೆನ್ನಿಗಿವೆ ಎಂದು ವಾದಿಸುತ್ತಿದ್ದರು. ಅವರಲ್ಲೊಬ್ಬ ನಡುವೆ ಮೊಬೈಲ್ ತೋರಿಸಿ, "ಇಲ್ಲಿ ನೋಡು, ಇದು ಮಾನ್ವಿ ಮಿಲ್ಲಂತ. ಉಣ್ಣೋದು ಇಲ್ಲಿ ಅನ್ನ, ಹಾರಸೋದು ಅವರ ಝಂಡಾ" ಅಂದ. ನಾನು ಲ್ಯಾಪ್‌ಟಾಪಿನ ಚೀಲವನ್ನು ಓಢಣಿಯಿಂದ ಮುಚ್ಚಿಕೊಂಡೆ.

ಮಿಲ್ಲಿನ ಗೇಟು ಅರ್ಧ ಮುಚ್ಚಿತ್ತು. ಹೊರಗೆ ಗುಂಪು, ಒಳಗೆ ಒಬ್ಬ ಪೊಲೀಸ್ ಅಧಿಕಾರಿ. ಸಾವುಕಾರರ ಹಣೆಯ ವಿಭೂತಿ ಬೆವರಿಗೆ ಕರಗಿ ಇಳಿದಿತ್ತು. "ಇದು ಯಾರ ಕೆಲಸ? ಹೇಳ್ರಿ" ಎಂದು ಗುಂಪಿನಿಂದ ಒಬ್ಬ ಕೇಳಿದ. ಸಾವುಕಾರರು ನನ್ನ ಕಡೆ ಕೈ ಮಾಡಿದರು.

"ಸೈಟ್ ಮಾಡಿದಾಕಿ ಈಕಿನ. ಆಕಿಗೇ ಕೇಳ್ರಿ."

ಅಷ್ಟೂ ಕಣ್ಣುಗಳು ನನ್ನ ಮೇಲೆ ಬಿದ್ದವು. ಯಾರೋ ಹಿಂದಿನಿಂದ ನನ್ನ ಊರು, ಓಣಿ ವಿಚಾರಿಸತೊಡಗಿದರು. ಓಣಿ ಕೇಳುವುದೆಂದರೆ ಜಾತಿ ಕೇಳುವುದೆಂದು ನನಗೆ ಗೊತ್ತಿತ್ತು. ಅಧಿಕಾರಿ ನನ್ನನ್ನೂ ಸಾವುಕಾರರನ್ನೂ ಆಫೀಸಿನೊಳಗೆ ಕರೆದು ಬಾಗಿಲು ಮುಚ್ಚಿದರು.

"ಸರ್, ಈಗ ಕೀಲಿ ನನ್ನ ಕೈಯಾಗಿಲ್ಲ" ಅಂದೆ. "ಯಾರ ಕೈಯಾಗದ ಅಂತ ಸಾವುಕಾರರು ತಾವ ಹೇಳಲಿ. ಹೇಳೋತನಕ ನಾ ಕೈ ಹಚ್ಚಂಗಿಲ್ಲ. ಹಚ್ಚಿದರ ನಾಳಿ ಇದೂ ನನ್ನ ಮ್ಯಾಲೆ ಬರತದ."

ಹೊರಗೆ ಯಾರೋ ಗೇಟು ಬಡಿದರು. ಆಗ ಸಾವುಕಾರರು, "ನಮ್ಮ ಅಳಿಯನ ಕೈಯಾಗದರೀ" ಎಂದು ಸಣ್ಣ ದನಿಯಲ್ಲಿ ಹೇಳಿದರು.

ಅಧಿಕಾರಿಯೇ ಫೋನು ಹಚ್ಚಿದರು. ಅಳಿಯ ಗಾಬರಿಯಲ್ಲಿ ಪಾಸ್‌ವರ್ಡ್ ಹೇಳಿದ: ನನ್ನದನ್ನು ತೆಗೆದು ಅವನು ಇಟ್ಟುಕೊಂಡಿದ್ದ ಮಿಲ್ಲಿನ ಹೆಸರೇ ಪಾಸ್‌ವರ್ಡ್. ಸೈಟು ಅವನ ಕೈಗೆ ಹೋದಾಗಿನಿಂದ ಒಂದು ಅಪ್‌ಡೇಟೂ ಮಾಡಿರಲಿಲ್ಲ. ನಾನು ಸೈಟನ್ನು ಮೊದಲು ಮುಚ್ಚಿದೆ, ಪಾಸ್‌ವರ್ಡ್ ಬದಲಿಸಿದೆ. ಯಾರು, ಹೇಗೆ ನುಗ್ಗಿದರೆಂದು ತೋರಿಸುವ ಗುರುತುಗಳನ್ನು ಅಧಿಕಾರಿಗೆ ತೆಗೆದುಕೊಟ್ಟೆ. ಅವರು ಗೇಟಿಗೆ ಹೋಗಿ, "ಹ್ಯಾಕ್ ಆಗಿತ್ತು. ಈ ಹೆಣ್ಮಗಳದು ಏನೂ ತಪ್ಪಿಲ್ಲ. ನಡೀರಿ ಮನಿಗೆ" ಅಂದರು. ಗುಂಪು ಗೊಣಗುತ್ತ ಕರಗಿತು.

ಆಮೇಲೆ ಚಹಾ ಬಂತು. ಆಫೀಸಿನ ಟಿವಿಯಲ್ಲಿ ಮತ್ತೆ ಅದೇ ಚರ್ಚೆ. ಸಾವುಕಾರರು ನನ್ನ ಮುಖ ನೋಡದೆ ಮಾತು ತೆಗೆದರು. "ಅಣುಬಾಂಬ್ ಇದ್ದ ದೊಡ್ಡ ದೇಶದ ಜೋಡಿ ಪಕ್ಕಾ ದೋಸ್ತಿ ಮಾಡಿಬಿಡಬೇಕವ್ವಾ. ಆಗ ಯಾರೂ ನಮ್ಮ ತಂಟಿಗೆ ಬರಂಗಿಲ್ಲ."

"ನೀವು ಗೇಟಿನ್ಯಾಗ ನನ್ನ ಜೋಡಿ ನಿಂತಂಗ ನಿಂದ್ರತಾರ" ಎಂಬ ಮಾತು ಬಾಯಿತನಕ ಬಂದಿತ್ತು; ಚಹಾದ ಜೊತೆ ನುಂಗಿದೆ. ನನಗೆ ನಿಜವಾಗಿ ಅನಿಸಿದ್ದನ್ನು ಹೇಳಿದೆ. "ದೋಸ್ತಿ ಬೇಕ್ರಿ. ಆದರ ಇನ್ನೊಬ್ಬರ ಊರು ಉಳಸಾಕ ತಮ್ಮ ಊರು ಸುಡಿಸ್ಕೊಳ್ಳೋ ದೇಶ ಯಾವುದದ? ಬಾಂಬ್ ದೋಸ್ತಗೂ ಅದ, ವೈರಿಗೂ ಅದ ಅಂದಮ್ಯಾಲೆ ಎಲ್ಲಾರೂ ಮೊದಲು ತಮ್ಮ ಮನಿ ನೋಡ್ತಾರ. ದೋಸ್ತರನ್ನ ನಂಬಿ ಜಗಳ ಬೆಳಸೋದು ನನಗ ಅಂಜಿಕಿ ತರತದ."

ಅವರು ಟಿವಿಯ ದನಿ ಕಡಿಮೆ ಮಾಡಿದರು. "ಸೈಟು ನೀನ ನೋಡ್ಕೋ, ಹಂಗಾದ್ರ" ಅಂದರು.

"ಕಾಗದದ ಮ್ಯಾಲೆ ಬರದು ಕೊಡ್ರಿ. ಏನು ನನ್ನ ಜವಾಬ್ದಾರಿ, ಏನು ನಿಮ್ಮದು ಅಂತ."

"ಅಳಿಯಗ ಒಂದ್ ಮಾತು ಕೇಳ್ತೀನಿ."

ರಾಯಚೂರಿನ ಬಸ್ಸು ಹತ್ತಿ ಕೂತು ಚೀಲವನ್ನು ಎದೆಗೆ ಅವಚಿಕೊಂಡೆ. ಟಿಕೆಟು ಕೊಡಲು ಬಂದ ಕಂಡಕ್ಟರ್, "ಆರಾಮ ಅದಿರೇನಕ್ಕಾ?" ಎಂದು ಕೇಳಿದ. ಹೂಂ ಅಂದೆ. ಗಡಿಯಲ್ಲಿ ಗುಂಡು ನಿಂತ ಮೇಲೂ ಸಾವುಕಾರರ ಉತ್ತರ ಬರಲಿಲ್ಲ. ಸೈಟು ಹಾಗೇ ಮುಚ್ಚಿಹೋಯಿತು. ಮಿಲ್ಲು ಮಾತ್ರ ನಡೆದೇ ಇದೆ.

ಗುಂಡು ನಿಂತ ಮರುವಾರ ದೇವದುರ್ಗದ ಹತ್ತಿ ಮಿಲ್ಲಿನವರೊಬ್ಬರು ತಮಗೊಂದು ಸೈಟು ಮಾಡಿಕೊಡಲು ಕರೆದರು. ಅವರ ಮಿಲ್ಲಿಗೆ ಹೋಗಿ, ಮೊದಲು ಕರಾರು, ಆಮೇಲೆ ಕೆಲಸ ಎಂದೆ. ಅವರು ಪೆನ್ನು ತರಲು ಒಳಗೆ ಹೋದರು.