ಕೊಬ್ಬರಿ ಅಟ್ಟದಲ್ಲಿಟ್ಟ ಟೀ ಪೆಟ್ಟಿಗೆ

ಕಳೆದ ವಾರ ನೀಲಗಿರಿ ಕಡೆ ಹೋಗಿ ಬಂದ ನನ್ನ ತಂಗಿಯ ಮಗಳು ಒಂದು ಪೊಟ್ಟಣ ಟೀ ಸೊಪ್ಪು ತಂದುಕೊಟ್ಟಳು. ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಒಣಗಿದ ಹೂವಿನಂಥ ತೆಳ್ಳನೆಯ ಘಮ... ಹದಿನೈದು ವರ್ಷದ ಹಿಂದೆ ಪಕ್ಕದ ಮನೆಯಲ್ಲಿದ್ದ ಮಾವ ಕಣ್ಣ ಮುಂದೆ ಬಂದರು. ಪೊಟ್ಟಣ ಕೆಳಗಿಟ್ಟೆ.

ಮಾವ ಎಂದರೆ ಸಂಬಂಧಿಕರಲ್ಲ. ಶೆಟ್ಟಿಕೆರೆಗೆ ಸೊಸೆಯಾಗಿ ಬಂದ ನಾನು ನೆರೆಯ ಹಿರಿಯರನ್ನು ಹಾಗೆ ಕರೆಯುತ್ತಿದ್ದೆ, ಅಷ್ಟೆ. ಹರೆಯದಲ್ಲೇ ಊರು ಬಿಟ್ಟು ನೀಲಗಿರಿಯ ಮೇಲಿನ ಟೀ ತೋಟದ ಕಾರ್ಖಾನೆ ಸೇರಿದ್ದವರು, ನಿವೃತ್ತರಾಗಿ ಒಬ್ಬರೇ ಹಿಂತಿರುಗಿದ್ದರು. ಎಲೆ ಎಷ್ಟು ಬಾಡಬೇಕು, ಯಾವಾಗ ಒಣಗಿಸಬೇಕು ಎಂಬುದನ್ನೆಲ್ಲ ಮೂಸಿಯೇ ಹೇಳುತ್ತಿದ್ದರಂತೆ. ಟೀಗೆ ಹಾಲು ಬೆರೆಸಿದರೆ ಮುಖ ಸಿಂಡರಿಸುತ್ತಿದ್ದರು. ನಮ್ಮಲ್ಲೋ, ಹಾಲಿಲ್ಲದ ಟೀ ಕೊಟ್ಟರೆ ಮನೆಯಲ್ಲಿ ಕರೆಯುವ ಹಸುವಿಲ್ಲವೇ ಎಂದು ನೆಂಟರು ಮೂಗು ಮುರಿಯುತ್ತಾರೆ. "ಇದೇನ್ ಮಾವ, ಕಷಾಯ ಕುಡುಸ್ತೀರಾ?" ಎಂದು ನಾನು ರೇಗಿಸುತ್ತಿದ್ದೆ.

ಅವರ ಬಳಿ ಒಂದು ಸಣ್ಣ ಮರದ ಪೆಟ್ಟಿಗೆಯಿತ್ತು. ಕೆಲಸದ ಕೊನೆಯ ಚಳಿಗಾಲದಲ್ಲಿ, ಅವರೂ ಅವರ ಜೊತೆ ದುಡಿದ ಗೆಳೆಯರೊಬ್ಬರೂ ಸೇರಿ ಮಾಡಿದ ಟೀ ಅದರಲ್ಲಿತ್ತು. ಗೆಳೆಯರಿಗೆ ಇನ್ನೊಂದು ವರ್ಷದ ಕೆಲಸ ಬಾಕಿ. ಅದು ಮುಗಿದ ಮೇಲೆ ಅವರು ಇಲ್ಲಿಗೆ ಬರಬೇಕು, ಇಬ್ಬರೂ ಒಟ್ಟಿಗೆ ಕುಳಿತು ಅದನ್ನು ಕುಡಿಯಬೇಕು ಎಂದು ಮಾತಾಗಿತ್ತು. ಮಳೆಗಾಲದಲ್ಲಿ ಮಾವನ ಮನೆಯ ಹೆಂಚು ಸೋರತೊಡಗಿತು. ಪೆಟ್ಟಿಗೆ ತಂದು ನನ್ನ ಕೈಗಿಟ್ಟರು.

"ತೇವ ತಾಕ್ಬಾರ್ದು ಕಣವ್ವ. ವಾಸ್ನೆ ಇರೋ ಕಡೆ ಮಡಗ್ಬೇಡ. ಟೀ ಎಲ್ಲಾನೂ ಹೀರ್ಕೊಂಬುಡ್ತದೆ."

ನಾನೇನು ದಡ್ಡಿಯೇ? ಅಡುಗೆಮನೆಯಲ್ಲಿ ಇಂಗು, ದೇವರಮನೆಯಲ್ಲಿ ಕರ್ಪೂರ, ನಡುಮನೆಯಾಚೆ ಕೊಟ್ಟಿಗೆ. ಎಲ್ಲ ಯೋಚಿಸಿ ಅಟ್ಟಕ್ಕೆ ಏರಿಸಿದೆ. ವರ್ಷವಿಡೀ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗುವ ಅಟ್ಟ. ಮನೆಯಲ್ಲಿ ಅದಕ್ಕಿಂತ ಬೆಚ್ಚನೆಯ ಜಾಗ ಇನ್ನೊಂದಿಲ್ಲ. ಅಲ್ಲೊಂದು ವಾಸನೆ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ತವರು ಹಂದನಕೆರೆಯಲ್ಲಿ ಹುಟ್ಟಿದಾಗಿನಿಂದ ಅಂಥದೇ ಅಟ್ಟದ ಕೆಳಗೆ ಬೆಳೆದವಳು ನಾನು.

ಮಾಗಿಯ ಚಳಿಯಲ್ಲಿ ಗೆಳೆಯರು ಬಂದರು. ಇಡೀ ದಿನದ ಪ್ರಯಾಣ, ಮೂರು ಬಸ್ಸು. ಅವರು ಹಿತ್ತಲಲ್ಲಿ ಕೈಕಾಲು ತೊಳೆಯುತ್ತಿದ್ದಾಗ ನಾನು ಪೆಟ್ಟಿಗೆ ಒಯ್ದು ಕೊಟ್ಟೆ. ಮಾವ ಮುಚ್ಚಳ ತೆಗೆದು ಬಗ್ಗಿ ಮೂಸಿದರು. ಮತ್ತೊಮ್ಮೆ ಮೂಸಿದರು. ನನ್ನ ಮುಖ ನೋಡಿದರು... ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ಮಂಚದಡಿಗೆ ತಳ್ಳಿದರು.

"ಎಲ್ಲಿ ನಮ್ಮ ಟೀ?" ಎನ್ನುತ್ತಲೇ ಗೆಳೆಯರು ಒಳಗೆ ಬಂದರು.

"ಕಾಯಕ್ಕಾಗ್ಲಿಲ್ಲ ಕಣಪ್ಪ, ಒಬ್ನೇ ಕುಡ್ದು ಮುಗುಸ್ಬುಟ್ಟೆ," ಎಂದರು ಮಾವ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಹಾಲ್ ಹಾಕಿ ಟೀ ಕಾಯ್ಸ್ಕೊಂಡ್ ಬಾರವ್ವ," ಎಂದರು.

ಗೆಳೆಯರು ನಕ್ಕರು. ನಗುವ ಮೊದಲು ಅವರ ಮುಖ ಸಣ್ಣಗಾಗಿದ್ದನ್ನು ನಾನು ನೋಡಿದೆ. ಮಾರನೆಯ ದಿನವೇ ಹೊರಟುಹೋದರು.

ನನಗೆ ಸಿಟ್ಟು ಬಂದಿತ್ತು. ತುಂಬಿದ ಪೆಟ್ಟಿಗೆ ಮಂಚದಡಿಯಲ್ಲಿಟ್ಟುಕೊಂಡು ಅಷ್ಟು ದೂರದಿಂದ ಬಂದವರಿಗೆ ಇಲ್ಲವೆನ್ನುವುದೇ! ಸುಮ್ಮನಿರುವ ಬಾಯಿಯೂ ನನ್ನದಲ್ಲ. ನೀರಿಗೆ ಹೋದಲ್ಲೆಲ್ಲ ಹೇಳಿ ನಕ್ಕೆ. ಕೇರಿಯವರು ಅವರಿಗೆ 'ಟೀ ಜಿಪುಣ' ಎಂದು ಹೆಸರಿಟ್ಟರು. ಅದು ಅವರ ಕಿವಿಗೂ ಬಿದ್ದಿರಬೇಕು. ಆದರೂ ನನ್ನನ್ನು ಕಂಡಾಗ ಮೊದಲಿನಂತೆಯೇ "ಊಟಾಯ್ತೇನವ್ವ?" ಎನ್ನುತ್ತಿದ್ದರು.

ಆಮೇಲೆ ನನ್ನ ಗಂಡನಿಗೆ ಮಂಡ್ಯಕ್ಕೆ ವರ್ಗವಾಯಿತು. ನಾವು ಅಲ್ಲಿದ್ದ ಎರಡು ವರ್ಷಗಳಲ್ಲೇ ಮಾವ ತೀರಿಕೊಂಡರು. ಮಣ್ಣಿಗೂ ನನಗೆ ಬರಲಾಗಲಿಲ್ಲ. ಹಿಂತಿರುಗಿ ಮನೆಯೊಳಗೆ ಕಾಲಿಟ್ಟ ದಿನ, ಜಿಡ್ಡು ಜಿಡ್ಡಾದ ಒಂದು ಗಾಢ ವಾಸನೆ ಮೂಗಿಗೆ ಬಡಿಯಿತು.

"ಅತ್ತೆ, ಇದೇನ್ ವಾಸ್ನೆ?"

"ಯಾವ್ ವಾಸ್ನೇನೇ? ಏನೂ ಇಲ್ವಲ್ಲೇ!" ಎಂದರು ನನ್ನತ್ತೆ.

ನಾನು ತಲೆಯೆತ್ತಿ ಅಟ್ಟ ನೋಡಿದೆ. ಆಗ ಎಲ್ಲ ಅರ್ಥವಾಯಿತು. ಕೈಯಲ್ಲಿದ್ದ ಚೀಲವನ್ನು ಅಲ್ಲೇ ಬಿಟ್ಟು, ಏಣಿಯ ಬುಡದಲ್ಲಿ ಕೂತು ಅತ್ತುಬಿಟ್ಟೆ.

ಕೊಬ್ಬರಿ ವಾಸನೆ ಹೀರಿದ ಆ ಟೀಯನ್ನು ಗೆಳೆಯನೆದುರು ತೆರೆದಿದ್ದರೆ, ಕೆಡಿಸಿದ್ದು ಯಾರೆಂಬ ಮಾತು ಬರುತ್ತಿತ್ತು. ಬಾಗಿಲಲ್ಲಿ ನಾನು ನಿಂತಿದ್ದೆ. ನನ್ನನ್ನು ಉಳಿಸಲು ಅವರು ತಮ್ಮ ಮೇಲೆ ಹಾಕಿಕೊಂಡರು. ನಾನು ಅವರಿಗೆ ಕೊಟ್ಟದ್ದು ಜಿಪುಣನೆಂಬ ಹೆಸರು.

ಇವತ್ತು ಹಾಲು ಹಾಕದೆ ಒಂದು ಲೋಟ ಮಾಡಿಕೊಂಡು ಕುಡಿದೆ. ಚೆನ್ನಾಗಿತ್ತು, ಬಹಳ ಚೆನ್ನಾಗಿತ್ತು. ಆ ಗೆಳೆಯರ ಊರು, ವಿಳಾಸ ಯಾವುದನ್ನೂ ನಾನು ಕೇಳಿಟ್ಟುಕೊಂಡಿರಲಿಲ್ಲ. ಇದ್ದಾರೋ ಇಲ್ಲವೋ. ಇದ್ದರೆ, ತಮ್ಮ ಗೆಳೆಯ ತಮಗಾಗಿ ಕಾಯಲಿಲ್ಲ ಎಂದೇ ಈಗಲೂ ತಿಳಿದಿರುತ್ತಾರೆ. ಮಾವ ಕಾದಿದ್ದರು. ಒಂದು ಚಿಟಿಕೆಯನ್ನೂ ಮುಟ್ಟದೆ ಕಾದಿದ್ದರು.