ಬಂಡೆ ಚಾಮಯ್ಯನ ಹಗ್ಗ ಹಿಡಿದ ಚಿನ್ನಮ್ಮ

ಭಾನುವಾರ, ಬೆಳಗಿನ ಐದೂಮುಕ್ಕಾಲು. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಮೊದಲ ಬಸ್ಸು ಕರಿಕಲ್ಲುಹುಂಡಿ ದಾಟಿದ ಸದ್ದು ಕೇಳಿಸುತ್ತದೆ. ಊರ ಹಿಂದಿನ ಬೋಳುಗಲ್ಲು ಬೆಟ್ಟದ ಬುಡದಲ್ಲಿ ಚಿನ್ನಮ್ಮ ಗೋಣಿತಾಟು ಹಾಸಿಕೊಂಡು ಕೂತು ಹಗ್ಗ ತಡವುತ್ತಿದ್ದಾರೆ. ಅರವತ್ತು ಮೀಟರಿನ ಹಗ್ಗ. ಗೇಣು ಗೇಣಿಗೂ ಮಡಚಿ, ಹೆಬ್ಬೆರಳಲ್ಲಿ ಒತ್ತಿ, ಮುಂದಕ್ಕೆ ಸರಿಸುತ್ತಾರೆ. ಒಳಗಿನ ನೂಲು ಎಲ್ಲಾದರೂ ಮೆತ್ತಗಾಗಿದ್ದರೆ ಬೆರಳಿಗೆ ಗೊತ್ತಾಗುತ್ತದಂತೆ. ಕಣ್ಣು ಮಾತ್ರ ಬಂಡೆಯ ಮೇಲಿದೆ. ಇಬ್ಬನಿ ಆರಲು ಇನ್ನೆಷ್ಟು ಹೊತ್ತು ಬೇಕು ಎಂದು ಅಳೆಯುತ್ತಿದ್ದಾರೆ.

ಚಿನ್ನಮ್ಮನಿಗೆ ಐವತ್ತೇಳು ವರ್ಷ. ವಾರದ ಆರು ದಿನ ಊರಿನ ಸರ್ಕಾರಿ ಶಾಲೆಯಲ್ಲಿ ತೊಂಬತ್ತಾರು ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಾರೆ. ಏಳನೆಯ ದಿನ ಇಲ್ಲಿ ಬಂದು, ಬಂಡೆ ಹತ್ತುವವರ ಹಗ್ಗ ಹಿಡಿದು ನಿಲ್ಲುತ್ತಾರೆ. ಹತ್ತುವವರ ಸೊಂಟಕ್ಕೆ ಕಟ್ಟಿದ ಹಗ್ಗ ಬಂಡೆಗೆ ಬಡಿದ ಕೊಂಡಿಗಳಲ್ಲಿ ಹಾದು ಇವರ ಕೈಗೆ ಬರುತ್ತದೆ, ಕೈಜಾರಿದವರನ್ನು ತಡೆಯುವುದು ಇವರ ಹಿಡಿತ. ತೊಂಬತ್ತು ಅಡಿ ಬಂಡೆ, ಒಂದು ಬೆಳಿಗ್ಗೆಗೆ ಹತ್ತು ಹನ್ನೆರಡು ಏರು, ನಾಲ್ಕು ಗಂಟೆ ಕತ್ತು ಎತ್ತಿಯೇ ಇರಬೇಕು. ಸೋಮವಾರ ಅನ್ನದ ದಬರಿ ಇಳಿಸುವಾಗ ಕತ್ತು ಹಿಡಿದುಕೊಂಡಿರುತ್ತದೆ. ಇಪ್ಪತ್ನಾಲ್ಕು ವರ್ಷದಿಂದ ಇದೇ ಪಾಡು.

ಮೈಸೂರಿನ ಬಂಡೆ ಹತ್ತುವವರಿಗೆಲ್ಲ ಇವರ ಗಂಡ ‘ಬಂಡೆ ಚಾಮಯ್ಯ’ ಗೊತ್ತು. ಕಳೆದ ಫೆಬ್ರವರಿಯಲ್ಲಿ, ಅರವತ್ತೆಂಟನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಅವರ ಫೋಟೊಗಳು ನೂರಾರು ಫೋನುಗಳಲ್ಲಿ ಓಡಾಡಿದವು. ಖಾಕಿ ಚಡ್ಡಿ, ಬರಿಗಾಲು, ಬಾಯಿ ತುಂಬ ನಗು. ಎಲ್ಲ ಫೋಟೊಗಳಲ್ಲೂ ಅವರ ಸೊಂಟದಿಂದ ಒಂದು ಹಗ್ಗ ಕೆಳಕ್ಕೆ ಇಳಿದಿದೆ. ಅದರ ಇನ್ನೊಂದು ತುದಿ ಯಾರ ಕೈಲಿತ್ತು ಎನ್ನುವುದು ಒಂದು ಫೋಟೊದಲ್ಲೂ ಇಲ್ಲ.

ಚಾಮಯ್ಯ ಬಂಡೆ ಹತ್ತಲು ಶುರುಮಾಡಿದ್ದು ಹದಿನಾಲ್ಕನೇ ವಯಸ್ಸಿನಲ್ಲಿ. ಬೆಟ್ಟದ ನೆತ್ತಿಯಲ್ಲಿ ಒಂದು ಪುಟ್ಟ ಗುಡಿ, ಗುಡಿಗೆ ಮುಂದಿನಿಂದ ಮೆಟ್ಟಿಲು. ಆಗ ಕೇರಿಯವರು ಮೆಟ್ಟಿಲು ತುಳಿಯುವಂತಿರಲಿಲ್ಲ, ಕೆಳಗೇ ನಿಂತು ಕೈಮುಗಿಯಬೇಕಿತ್ತು. ಒಂದು ಸೋಮವಾರ ಈ ಹುಡುಗ ಕೈಮುಗಿಯುವ ಬದಲು ಬೆಟ್ಟದ ಹಿಂದಕ್ಕೆ ಹೋದ. ಬಂಡೆಯ ಬಿರುಕಿಗೆ ಬೆರಳು ಕೊಟ್ಟು ಹತ್ತಿದ. ಮೆಟ್ಟಿಲ ಮೇಲೆ ಏದುಸಿರು ಬಿಡುತ್ತ ಬಂದವರು ನೋಡಿದರೆ, ಇವನು ಗುಡಿಯ ಗಂಟೆ ಬಾರಿಸುತ್ತಿದ್ದಾನೆ. ಬಿದ್ದ ಏಟಿಗೆ ಲೆಕ್ಕವಿಲ್ಲ. ಏಟು ತಿನ್ನುತ್ತಲೇ ಅವನು ಕೇಳಿದನಂತೆ, ‘ಮೆಟ್ಲು ನಿಮ್ದು ಸರಿ, ಬಂಡೆ ಯಾರ್ ಕಟ್ಸಿದ್ದು?’

ಈಗ ಮೆಟ್ಟಿಲು ಹತ್ತಬೇಡಿ ಎಂದು ಬಾಯಿಬಿಟ್ಟು ಹೇಳುವವರಿಲ್ಲ. ಆದರೂ ಚಾಮಯ್ಯ ಸಾಯುವವರೆಗೆ ಆ ಮೆಟ್ಟಿಲ ಮೇಲೆ ಕಾಲಿಡಲಿಲ್ಲ. ಊರಿನ ದೊಡ್ಡವರನ್ನು ಒಡೆಯರೆಂಬಂತೆ ‘ಬುದ್ಧಿ’ ಎಂದು ಕರೆಯುವುದನ್ನೂ ಬಿಟ್ಟರು. ಎಲ್ಲರೂ ಅವರಿಗೆ ಅಣ್ಣ.

ಹೊಟ್ಟೆಪಾಡಿಗೆ ಕ್ವಾರಿಯಲ್ಲಿ ಕಲ್ಲು ಒಡೆದರು. ಕ್ವಾರಿ ಮುಚ್ಚಿದ ಮೇಲೆ ತಾಂಡವಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ವಾಚ್‌ಮನ್ ಆದರು. ಈ ನಡುವೆ ಮೈಸೂರಿನಿಂದ ಬೈಕಿನಲ್ಲಿ ಬಂದ ಕೆಲವು ಹುಡುಗರು, ತಾವು ಹಗ್ಗ ಕಟ್ಟಿಯೂ ಹತ್ತಲಾರದ ಜಾಗದಲ್ಲಿ ಈ ಮನುಷ್ಯ ಬೀಡಿ ಕಚ್ಚಿಕೊಂಡು ಹತ್ತುವುದನ್ನು ಕಂಡು ಬೆರಗಾದರು. ಅವರಿಂದ ಚಾಮಯ್ಯ ಹಗ್ಗದ ವಿದ್ಯೆ ಕಲಿತರು, ಅವರಿಗೆ ಬಂಡೆಯ ವಿದ್ಯೆ ಕಲಿಸಿದರು. ‘ನಮ್ಮೂರ್ ಬಾಸೇಲಿ ಇದು ಅಗ್ಗ ಕಣ್ರಪ್ಪ. ಆದ್ರೆ ತಗಳಾಕೋದ್ರೆ ಬಲೇ ದುಬಾರಿ’ ಎಂದು ನಗಿಸುತ್ತಿದ್ದರು. ಬಂಡೆಯ ಒಂದೊಂದು ದಾರಿಗೂ ಹೆಸರಿಟ್ಟರು. ಒಂದು ‘ಬೀಗರ ಮನೆ’: ಒಳಗೆ ಹೋಗುವುದು ಸಲೀಸು, ಹೊರಡಲು ಬಿಡುವುದಿಲ್ಲ. ಇನ್ನೊಂದು ‘ಎರಡನೇ ಪಂಕ್ತಿ’: ಮುಂದಿನವರು ಏಳುವ ತನಕ ಕಾಯಬೇಕು. ಮತ್ತೊಂದು ‘ಕೊನೇ ಬಸ್ಸು’: ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ತಪ್ಪಿಹೋಗುತ್ತದೆ.

ಚಿನ್ನಮ್ಮ ತಿ. ನರಸೀಪುರದ ಕಡೆಯ ಹೊಳೆದಂಡೆಯ ಊರಿನವರು. ತಂದೆ ಕಪಿಲೆಯಲ್ಲಿ ದೋಣಿ ಹಾಕುತ್ತಿದ್ದರು. ದಡದಲ್ಲಿ ನಿಂತು ದೋಣಿಯ ಹಗ್ಗ ಹಿಡಿಯುವುದು ಚಿಕ್ಕಂದಿನಲ್ಲೇ ಇವರ ಕೆಲಸವಾಗಿತ್ತು. ಮದುವೆಯಾಗಿ ಬಂದ ಮೇಲೆ ಗಂಡನ ಈ ಹುಚ್ಚನ್ನು ವರ್ಷಗಟ್ಟಲೆ ಬೈದರು. ಒಂದು ದಿನ ಹಗ್ಗ ಹಿಡಿಯುವ ಗೆಳೆಯ ಕುಡಿದು ಮಲಗಿದ್ದ. ಚಾಮಯ್ಯ ಮನೆಗೆ ಬಂದು ಹೆಂಡತಿಯನ್ನೇ ಕರೆದರು.

‘ಬಾ ಚಿನ್ನಾ, ಬರೀ ಇಡ್ಕಂಡ್ ನಿಂತ್ಕೊ. ಬುಟ್ಬುಟ್ರೆ ಇನ್ನೊಂದ್ ಮದ್ವೆ ಕರ್ಚು ನಿನ್ಗೇಯ.’

ಚಿನ್ನಮ್ಮ ಹೋದರು. ಹಿಡಿದರು. ಹೊಳೆ ಎಳೆಯುವಾಗ ಹಗ್ಗವನ್ನು ಎಷ್ಟು ಕೊಡಬೇಕು, ಎಲ್ಲಿ ಹಿಡಿಯಬೇಕು ಎಂದು ಕೈಗೆ ಗೊತ್ತಿತ್ತು. ಅದೇ ಇಲ್ಲೂ ಒದಗಿತು. ಅಂದಿನಿಂದ ಚಾಮಯ್ಯ ಬೇರೆಯವರ ಕೈಗೆ ಹಗ್ಗ ಕೊಡಲಿಲ್ಲ. ಹದಿಮೂರು ವರ್ಷದ ಕೆಳಗೆ ‘ಕೊನೇ ಬಸ್ಸಿ’ನಲ್ಲಿ ಕೈಜಾರಿ ಅವರು ಹದಿನೈದು ಅಡಿ ಬಿದ್ದರು. ಹಗ್ಗ ಸೆಳೆದ ರಭಸಕ್ಕೆ ಚಿನ್ನಮ್ಮನ ಕಾಲು ನೆಲ ಬಿಟ್ಟಿತು, ಅಂಗೈ ಸುಟ್ಟುಹೋಯಿತು, ಹಿಡಿತ ಮಾತ್ರ ಸಡಿಲಲಿಲ್ಲ. ತಲೆಕೆಳಗಾಗಿ ನೇತಾಡುತ್ತಿದ್ದ ಗಂಡ ಮೇಲಿನಿಂದಲೇ ಕೇಳಿದರು, ‘ಚಿನ್ನಾ, ಒಲೆ ಮ್ಯಾಲೆ ಸಾರ್ ಮಡಗ್ಬುಟ್ ಬಂದಿದ್ದೀಯೋ ಎಂಗೆ?’ ಆ ಸುಟ್ಟ ಗೆರೆ ಬಲ ಅಂಗೈಯಲ್ಲಿ ಈಗಲೂ ಇದೆ.

ಚಾಮಯ್ಯ ಸತ್ತದ್ದು ಬಂಡೆಯ ಮೇಲಲ್ಲ. ನಂಜನಗೂಡಿನ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ಎದೆ ಹಿಡಿದುಕೊಂಡಿತು. ಪಕ್ಕದಲ್ಲಿದ್ದ ಇಬ್ಬರು ತೋಳು ಹಿಡಿದು ಆಟೋ ಹತ್ತಿಸಲು ಬಂದರು. ‘ಅತ್ತಾದ್ನ ನನ್ಗೇ ಏಳ್ಕೊಡ್ತಿದ್ದೀರೇನ್ರಪ್ಪ’ ಎಂದರಂತೆ. ಆಸ್ಪತ್ರೆ ಸೇರುವಷ್ಟರಲ್ಲಿ ಉಸಿರಿರಲಿಲ್ಲ. ಈ ಮಾತನ್ನು ಆಟೋದವನು ಹೇಳಿದಾಗ ಚಿನ್ನಮ್ಮ ಹೆಣದ ಮುಂದೆ ಕೂತೇ ನಕ್ಕುಬಿಟ್ಟರು. ಅದಕ್ಕೂ ಊರು ಆಡಿಕೊಂಡಿತು.

ಹನ್ನೊಂದನೇ ದಿನ, ಸತ್ತವರ ಬಟ್ಟೆಬರೆಯ ಜತೆ ಹಗ್ಗವನ್ನೂ ಕಪಿಲೆಗೆ ಬಿಟ್ಟುಬಿಡು ಎಂದು ನೆಂಟರು ಹೇಳಿದರು. ಗಂಡನನ್ನು ಕಳೆದುಕೊಂಡವಳು ಇನ್ನು ಬೆಟ್ಟದ ಬುಡಕ್ಕೆ ಹೋಗಿ ನಿಲ್ಲುವುದು ಚೆನ್ನಲ್ಲ ಎಂದರು. ಚಿನ್ನಮ್ಮ ಬಟ್ಟೆಗಂಟು ಕೊಟ್ಟು ಹಗ್ಗವನ್ನು ಹೆಗಲಿಗೆ ಹಾಕಿಕೊಂಡರು.

‘ಬಟ್ಟೆ ಅವ್ರುದು. ಅಗ್ಗ ನಂದು.’

ಅಷ್ಟಕ್ಕೇ ಮುಗಿಯಲಿಲ್ಲ. ಚಾಮಯ್ಯ ಬಂಡೆಯಿಂದ ಬಿದ್ದು ಸತ್ತ ಎಂಬ ಸುದ್ದಿ ಯಾರು ಹಬ್ಬಿಸಿದರೋ, ತಿಂಗಳೊಳಗೆ ಸುತ್ತ ಹಳ್ಳಿಗಳಿಗೆಲ್ಲ ಹರಡಿತು. ಭಾನುವಾರ ಗಂಡ ಹೆಂಡತಿಯ ಹತ್ತಿರ ಬಂಡೆ ಹತ್ತಲು ಕಲಿಯುತ್ತಿದ್ದ ಆರು ಹೆಣ್ಣುಮಕ್ಕಳನ್ನು ಮನೆಯವರು ನಿಲ್ಲಿಸಿದರು. ಬೆಟ್ಟದ ಗುಡಿಯ ಸಮಿತಿ ಬಂಡೆಯ ದಾರಿಗೆ ಮುಳ್ಳುಬೇಲಿ ಎಳೆದು, ‘ಬಂಡೆ ಹತ್ತುವುದನ್ನು ನಿಷೇಧಿಸಿದೆ’ ಎಂದು ಬೋರ್ಡು ನೆಟ್ಟಿತು. ಸಮಿತಿಯ ಯಜಮಾನರು ಪುಟ್ಟಬಸವಯ್ಯ. ಕೆಟ್ಟವರಲ್ಲ. ಐವತ್ತು ವರ್ಷ ಒಬ್ಬ ಮನುಷ್ಯ ಊರಿನ ಮೆಟ್ಟಿಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಬದುಕಿದ್ದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು, ಅಷ್ಟೆ.

ಚಿನ್ನಮ್ಮ ಜಗಳಕ್ಕೆ ಹೋಗಲಿಲ್ಲ, ನಾಡಕಚೇರಿಗೆ ಹೋದರು. ಮೂರು ಸಲ ಅಲೆದು ಬೆಟ್ಟದ ಪಹಣಿ ತೆಗೆಸಿದರು. ಗುಡಿ ಮತ್ತು ಮೆಟ್ಟಿಲು ಸಮಿತಿಯದು, ಬಂಡೆಯೆಲ್ಲ ಯಾರಿಗೂ ಸೇರದ ಸರ್ಕಾರಿ ಖರಾಬು ಎಂದು ಅದರಲ್ಲಿತ್ತು. ಆಸ್ಪತ್ರೆಯವರು ಬರೆದುಕೊಟ್ಟ ಸಾವಿನ ಕಾರಣದ ಚೀಟಿಯನ್ನೂ ಜತೆಗಿಟ್ಟುಕೊಂಡರು. ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಟ್ಟದ ಬುಡದಲ್ಲಿ ಸಮಿತಿ ಸೇರಿದಾಗ ಎರಡನ್ನೂ ಪುಟ್ಟಬಸವಯ್ಯನವರ ಮುಂದೆ ಹಿಡಿದರು. ಅವರು ಓದಿದರು. ಕಾಗದ ಸರಿಯಿದೆ ಎಂದು ಒಪ್ಪಿದರು. ಆದರೆ ಬಂಡೆ ಅಪಾಯ, ನಾಳೆ ಯಾರದೋ ಮಗಳು ಬಿದ್ದರೆ ಊರು ಯಾರನ್ನು ಕೇಳಬೇಕು ಎಂದರು.

‘ನನ್ನ ಕೇಳಿ ಪುಟ್ಟಬಸವಣ್ಣ’ ಎಂದರು ಚಿನ್ನಮ್ಮ. ‘ಇಪ್ಪತ್ನಾಕ್ ವರ್ಸ್ದಿಂದ ಇಡ್ದಿದ್ದೀನಿ. ಒಬ್ರೂ ನೆಲ ಮುಟ್ಟಿಲ್ಲ. ನಂಬ್ಕೆ ಇಲ್ವಾ, ಅಗ್ಗ ಇದ್ರೆ ಬೀಳಾಕಿಲ್ಲ ಅಂತ ಈಗ ನಾನೇ ಅತ್ತಿ ತೋರುಸ್ತೀನಿ. ನೋಡಿ.’

ಅವರು ಅದುವರೆಗೆ ಒಂದು ಸಲವೂ ಬಂಡೆ ಹತ್ತಿದವರಲ್ಲ. ಅದಿರಲಿ, ಹತ್ತಿದರೂ ಕೆಳಗೆ ಹಗ್ಗ ಹಿಡಿಯುವವರು ಯಾರು? ಆಗ ಸಮಿತಿಯವರ ಹಿಂದಿನಿಂದ ಎದ್ದು ಬಂದದ್ದು ರಂಜಿನಿ, ಪುಟ್ಟಬಸವಯ್ಯನವರ ಮಗಳು. ಇಪ್ಪತ್ತಾರು ವರ್ಷ, ನಂಜನಗೂಡಿನ ಶಾಲೆಯೊಂದರಲ್ಲಿ ಆಟದ ಟೀಚರು. ಹೈಸ್ಕೂಲಿನಲ್ಲಿದ್ದಾಗ ಮೂರು ವರ್ಷ ಮನೆಗೆ ಗೊತ್ತಾಗದಂತೆ ಚಾಮಯ್ಯನವರ ಹತ್ತಿರ ಕಲಿತಿದ್ದಳು. ಅಪ್ಪನಿಗೆ ಅದು ತಿಳಿದದ್ದೇ ಆ ಗಳಿಗೆಯಲ್ಲಿ.

‘ನಾನ್ ಹಿಡೀತೀನಿ ಅಪ್ಪಾಜಿ. ಹೆಂಗ್ ಹಿಡೀಬೇಕು ಅಂತ ಚಿನ್ನವ್ವನೇ ಕಲಿಸಿದ್ದು’ ಎಂದಳು.

ಹಗ್ಗ ಹೊತ್ತು ಮೆಟ್ಟಿಲಿನಿಂದ ಮೇಲೆ ಹೋಗಿ ನೆತ್ತಿಯ ಕೊಂಡಿಗೆ ಅದನ್ನು ಪೋಣಿಸಿ ಎರಡು ತುದಿಗಳನ್ನೂ ಕೆಳಕ್ಕೆ ಬಿಟ್ಟಳು. ಇಳಿದು ಬಂದು, ಚಪ್ಪಲಿ ಕಾಲಿನಲ್ಲೇ ಮುಳ್ಳು ಮೆಟ್ಟಿ ಬೇಲಿ ದಾಟಿ, ಬಂಡೆಯ ಬುಡದಲ್ಲಿ ನಿಂತಳು. ಚಿನ್ನಮ್ಮ ಸೀರೆಯನ್ನು ಕಚ್ಚೆ ಹಾಕಿ, ಗಂಡನ ಸೊಂಟಪಟ್ಟಿ ಬಿಗಿದು, ‘ಬೀಗರ ಮನೆ’ಗೆ ಕೈ ಹಚ್ಚಿದರು.

ಐವತ್ತು ನಿಮಿಷ ಹಿಡಿಯಿತು. ಎರಡು ಸಲ ಕೈಜಾರಿತು, ಎರಡು ಸಲವೂ ರಂಜಿನಿ ಗಟ್ಟಿಯಾಗಿ ಹಿಡಿದಳು. ಅರ್ಧದಲ್ಲಿ ಅತ್ತೂಬಿಟ್ಟರು. ಗಂಡ ಎಲ್ಲಿ ಬೆರಳು ಇಡುತ್ತಿದ್ದರು, ಎಲ್ಲಿ ನಿಂತು ಮಾತಿಗಿಳಿಯುತ್ತಿದ್ದರು ಎಂದು ಕೆಳಗಿನಿಂದ ಸಾವಿರ ಸಲ ನೋಡಿದ್ದರು. ಆ ಗುರುತುಗಳನ್ನೇ ಹುಡುಕಿಕೊಂಡು ಹೋದರು. ನೆತ್ತಿ ಮುಟ್ಟಿ ತಿರುಗಿದಾಗ ಹಸಿರು ಗದ್ದೆ, ನಾಲೆ, ದೂರದಲ್ಲಿ ಕಪಿಲೆಯ ಬಿಳಿ ಗೀರು, ತಾವು ದಿನಾ ಅಡುಗೆ ಮಾಡುವ ಶಾಲೆಯ ಹೆಂಚು.

‘ಸಂತೋಸ ಆಗ್ನಿಲ್ಲ ಕಣ್ರೀ, ಸಿಟ್ ಬಂತು’ ಎನ್ನುತ್ತಾರೆ ಆ ದಿನ ನೆನೆದು. ‘ಇಷ್ಟ್ ಚೆಂದಾಗೈತೆ, ಇಷ್ಟ್ ವರ್ಸ ಒಬ್ರೇ ನೋಡ್ಕಂಡ್ ಬತ್ತಿದ್ರಲ್ಲ ಅಂತ.’

ಕೆಳಗೆ ಪುಟ್ಟಬಸವಯ್ಯ ಎದ್ದು ಮನೆಗೆ ಹೋದರು. ಮಗಳ ಜತೆ ಎರಡು ವಾರ ಮಾತು ಬಿಟ್ಟರು. ಸಮಿತಿ ಬೇಲಿ ತೆಗೆಯುತ್ತೇವೆ ಎಂದು ಇವತ್ತಿಗೂ ಹೇಳಿಲ್ಲ. ಆದರೆ ಮುಂದಿನ ಭಾನುವಾರ ಬಂದು ನೋಡಿದರೆ, ಒಬ್ಬರು ನುಸುಳುವಷ್ಟು ಅಗಲಕ್ಕೆ ಯಾರೋ ಮುಳ್ಳು ಕಡಿದಿದ್ದರು. ಕಡಿದವರು ಯಾರು ಎಂದು ಊರಿನಲ್ಲಿ ಯಾರೂ ಕೇಳುವುದಿಲ್ಲ. ಆರು ಹುಡುಗಿಯರಲ್ಲಿ ನಾಲ್ವರು ವಾಪಸು ಬಂದಿದ್ದಾರೆ. ಇನ್ನಿಬ್ಬರ ಮನೆಗೆ ಚಿನ್ನಮ್ಮ ಎಡತಾಕುತ್ತಲೇ ಇದ್ದಾರೆ. ನಿಷೇಧದ ಬೋರ್ಡು ಅಲ್ಲೇ ಇದೆ. ಮಕ್ಕಳು ಅದಕ್ಕೆ ಬ್ಯಾಗು, ನೀರಿನ ಬಾಟಲಿ ನೇತುಹಾಕುತ್ತಾರೆ.

ಏಳು ಗಂಟೆಯ ಹೊತ್ತಿಗೆ ಬಂಡೆ ಒಣಗಿದೆ. ಹುಡುಗಿಯರು ಬಂದು ಸೊಂಟಪಟ್ಟಿ ಬಿಗಿದುಕೊಳ್ಳುತ್ತಿದ್ದಾರೆ. ಇವತ್ತು ಮೊದಲ ಏರು ಚಿನ್ನಮ್ಮನದೇ, ಹಗ್ಗ ಹಿಡಿಯುವುದು ರಂಜಿನಿ. ತಿಂಗಳಿಗೊಮ್ಮೆಯಾದರೂ ಹತ್ತಿಯೇ ತೀರುತ್ತಾರೆ. ರಸ್ತೆಯಲ್ಲಿ ಹೊಲಕ್ಕೆ ಹೊರಟ ಮೂವರು ನಿಂತು, ಈ ವಯಸ್ಸಿನಲ್ಲಿ, ಅದೂ ಗಂಡ ಸತ್ತವಳು ಎಂದು ಕೇಳುವ ಹಾಗೇ ಮಾತಾಡಿಕೊಳ್ಳುತ್ತಾರೆ. ಇದೆಲ್ಲ ಮನಸ್ಸಿಗೆ ನಾಟುವುದಿಲ್ಲವೇ ಎಂದು ಕೇಳಿದರೆ, ಚಿನ್ನಮ್ಮ ಹಗ್ಗದ ಗಂಟನ್ನು ಇನ್ನೊಂದು ಸಲ ಎಳೆದು ನೋಡಿ, ಬಂಡೆಯ ಮೇಲೆ ಕೈಯಿಡುತ್ತಾರೆ.

‘ಮಾತಾಡ್ಕಳ್ಳಿ ಬುಡಿ. ಮ್ಯಾಲ್ಗಡೆ ಗಾಳಿ ಜೋರು, ಕೆಳಗ್ ನಿಂತ್ಕಂಡ್ ಆಡಾದು ಏನೂ ಕೇಳ್ಸಾಕಿಲ್ಲ.’